ಕ್ಲೋಸ್‌ಪೇಟೆ ಗ್ರಾನೈಟನ್ನು ಬೇರಿನಿಂದ ಓದಿದ ಬಗೆ

ಗ್ರಾನೈಟ್ ಭೂಮಿಯ ಹೊರಪದರದೊಳಗೆ ನುಗ್ಗಿದ್ದು ಹೇಗೆಂದು ಕಣ್ಣಾರೆ ನೋಡಬೇಕೆನ್ನುವವರಿಗೆ ನಾನು ತೋರಿಸುವುದು ಕ್ಲೋಸ್‌ಪೇಟೆ ಗ್ರಾನೈಟನ್ನೇ. ರಾಮನಗರದ ಹಳೆಯ ಹೆಸರು ಹೊತ್ತ ಈ ಶಿಲೆಗೆ ಸುಮಾರು 250 ಕೋಟಿ ವರ್ಷ. ದಕ್ಷಿಣೋತ್ತರವಾಗಿ 400 ಕಿ.ಮೀ.ಯಷ್ಟು ಚಾಚಿದೆ. ಇಲ್ಲಿ ಹೊರಪದರವೇ ವಾಲಿ, ಸವೆದಿದೆ. ಹಾಗಾಗಿ ದಕ್ಷಿಣದಲ್ಲಿ ಬಹಳ ಆಳದ ಭಾಗವೂ ಉತ್ತರದಲ್ಲಿ ಮೇಲಿನ ಭಾಗವೂ ಬಯಲಾಗಿವೆ. ದಕ್ಷಿಣದಿಂದ ಹೊರಟರೆ ಬೇರಿನಿಂದ ಕೊಂಬೆಗೆ ಹತ್ತಿದಂತೆ.

ನಾನು ದಕ್ಷಿಣದ ಕಬ್ಬಾಳದುರ್ಗದ ಸುತ್ತಿನಿಂದ ಶುರುಮಾಡಿದೆ. ಅಲ್ಲಿ ಹಳೆಯ ನೈಸ್ ಶಿಲೆಯ (ಶಾಖ, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಕಲ್ಲು) ಪಟ್ಟೆಗಳು ಒಂದೆಡೆ ಸ್ಪಷ್ಟ, ಒಂದೆರಡು ಮಾರು ಆಚೆ ಮಸುಕು, ಇನ್ನೂ ಮುಂದೆ ಬರೀ ಗ್ರಾನೈಟ್. ಎರಡರ ನಡುವೆ ಗೆರೆ ಎಳೆಯುವುದೇ ಕಷ್ಟ; ನೈಸೇ ಕರಗಿ ಗ್ರಾನೈಟ್ ಆದಂತಿದೆ. ನೀರಿನಂಶವಿದ್ದರೆ ನೈಸ್ 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗತೊಡಗುತ್ತದೆ.

ಅದನ್ನು ಕಾಯಿಸಿದ್ದು ಯಾವುದು? ಸುಳಿವು ಸಿಕ್ಕಿದ್ದು ಮಾಗಡಿ ಕಡೆಯ ಕಲ್ಲುಕ್ವಾರಿಗಳಲ್ಲಿ. ಬಿಸಿಲು ಮಳೆಗೆ ಕಂದಿದ ಬಂಡೆಯನ್ನು ಬಿಟ್ಟು, ಹೊಸದಾಗಿ ಕೊಯ್ದ ಮುಖಕ್ಕೆ ನೀರು ಚಿಮುಕಿಸಿ ನೋಡುತ್ತಿದ್ದೆ. ಬೆರಳುದ್ದದ ನಸುಗೆಂಪು ಫೆಲ್ಡ್‌ಸ್ಪಾರ್ ಹರಳುಗಳ ನಡುವೆ ಕಪ್ಪು ಮುದ್ದೆಗಳು, ಅಂಚು ಅಲೆ ಅಲೆಯಾಗಿ. ಕೆಲವು ಮುದ್ದೆಗಳ ಒಳಗೂ ಅದೇ ಫೆಲ್ಡ್‌ಸ್ಪಾರ್! ಗಟ್ಟಿ ಕಲ್ಲಿನೊಳಗೆ ಹರಳು ಹೊಗಲಾರದು. ಎರಡೂ ದ್ರವವಾಗಿದ್ದಾಗಲೇ ಬೆರೆತಿರಬೇಕು. ಅಂದರೆ ಹೊರಪದರದ ಕೆಳಗಿನ ಮ್ಯಾಂಟಲ್‌ ಪದರದಿಂದ ಬಂದ ಬಿಸಿ ಶಿಲಾಪಾಕವು (ಕರಗಿದ ಕಲ್ಲು; ಕಪ್ಪು ಮುದ್ದೆಗಳು ಅದರವೇ) ಹೊರಪದರದ ತಳವನ್ನು ಕರಗಿಸಿ, ತಾನೂ ಅದರೊಡನೆ ಸೇರಿಕೊಂಡಿದೆ. ಇಡೀ ಕ್ಷೇತ್ರಕಾರ್ಯದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಸಾಕ್ಷ್ಯವಿದು.

ಆಮೇಲೆ ದಿಕ್ಸೂಚಿ ಹಿಡಿದು ಹರಳುಗಳು ಮಲಗಿದ ದಿಕ್ಕನ್ನು ಬರೆದುಕೊಂಡೆ. ಬಹುಪಾಲು ಉತ್ತರ-ದಕ್ಷಿಣ. ಹೊರಪದರ ಜಾರಿ ಕತ್ತರಿಸಿಕೊಂಡ ಪಟ್ಟಿಗಳ ದಿಕ್ಕೂ ಅದೇ. ಸುತ್ತಲಿನ ಕಲ್ಲಿಗಿಂತ ಹಗುರವಾದ ಶಿಲಾಪಾಕಕ್ಕೆ ಮೇಲೇರಲು ಆ ದುರ್ಬಲ ಪಟ್ಟಿಗಳೇ ದಾರಿಯಾದವು. ಯಾವುದು ಮೊದಲು, ಯಾವುದು ನಂತರ ಎಂಬುದಕ್ಕೆ ಒಂದೇ ನಿಯಮ: ಮತ್ತೊಂದನ್ನು ಕೊಯ್ದು ಹೋದದ್ದೇ ಕಿರಿಯದು. ಎಲ್ಲವನ್ನೂ ಕೊಯ್ದು ಹೋಗುವ ತೆಳು ಪೆಗ್ಮಟೈಟ್ (ದಪ್ಪ ಹರಳಿನ ಕಲ್ಲು) ಎಳೆಗಳು ಕೊನೆಯ ರಸ.

ಪಾವಗಡ ದಾಟಿ ಉತ್ತರಕ್ಕೆ ಹೋದರೆ ಚಿತ್ರವೇ ಬೇರೆ. ದೊಡ್ಡ ಹರಳುಗಳು ಕೆಳಗೇ ಉಳಿದು, ಹಿಂಡಿ ಬಂದ ರಸ ಮಾತ್ರ ಸೀಳುಗಳಲ್ಲಿ ಏರಿ, ಚಿಕ್ಕ ಚಿಕ್ಕ ಗ್ರಾನೈಟ್ ರಾಶಿಗಳಾಗಿ ನಿಂತಿದೆ. ಅಲ್ಲಿ ಮಾತ್ರ ಅಂಚಿನ ಗೆರೆಯನ್ನು ನಕ್ಷೆಯಲ್ಲಿ ಒಂದೇ ಎಳೆತಕ್ಕೆ ಎಳೆಯಬಹುದು.