ಮುಂಗಡ ಕೊಡುವ ಮೊದಲು: ತುಮಕೂರಿನಲ್ಲಿ ಸಾಲ ಮಾಡಿ ಮನೆ ಕೊಳ್ಳುವ ಬಗೆ

ತುಮಕೂರಿನಲ್ಲಿ ಮನೆಯ ವ್ಯಾಪಾರ ಕುದುರುವುದೂ ಮುರಿದುಬೀಳುವುದೂ ಬಹುಮಟ್ಟಿಗೆ ಬ್ಯಾಂಕು ಎಷ್ಟು ಸಾಲ ಕೊಡುತ್ತದೆ ಎಂಬುದರ ಮೇಲೆ. ಆದ್ದರಿಂದ ಕ್ಯಾತ್ಸಂದ್ರವಾಗಲಿ, ಮರಳೂರಾಗಲಿ, ಮನೆ ಮನಸ್ಸಿಗೆ ಬಂದ ಕೂಡಲೇ ಮುಂಗಡ ಕೊಡದೆ ಸಾಲದ ಕಡೆಯಿಂದಲೇ ಲೆಕ್ಕ ಶುರುಮಾಡಬೇಕು.

ಮೊದಲು ಕಾಗದಪತ್ರ. ಭೂಪರಿವರ್ತನೆ ಆದೇಶ (ಕೃಷಿ ಜಮೀನನ್ನು ವಸತಿಗೆ ಬಳಸಲು ಕೊಟ್ಟ ಅನುಮತಿ), ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದಿತ ನಕ್ಷೆ, ಪಾಲಿಕೆಯ ಇ-ಖಾತೆ (ಆಸ್ತಿಯ ಡಿಜಿಟಲ್ ದಾಖಲೆ), ಋಣಭಾರ ಪತ್ರ (ಆಸ್ತಿಯ ಮೇಲೆ ಅಡಮಾನ, ಸಾಲ ಇದೆಯೇ ಎಂದು ತೋರಿಸುವ ಪತ್ರ) ಇವಿಷ್ಟನ್ನೂ ವಕೀಲರಿಗೆ ತೋರಿಸಿ. ರೆವಿನ್ಯೂ ಸೈಟು, ಅಂದರೆ ಭೂಪರಿವರ್ತನೆಯಾಗದ ಜಮೀನಿನಲ್ಲಿ ವಿಂಗಡಿಸಿದ ನಿವೇಶನ, ಅಗ್ಗವೆನಿಸಬಹುದು. ಆದರೆ ಅದಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ, ಹೀಗಾಗಿ ನಾಳೆ ನೀವು ಮಾರುವಾಗಲೂ ಪೂರ್ತಿ ಹಣ ಕೈಯಲ್ಲಿರುವವರನ್ನೇ ಹುಡುಕಬೇಕಾಗುತ್ತದೆ.

ಎರಡನೆಯದು ಕೈಯಿಂದ ಹಾಕಬೇಕಾದ ಹಣ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲ ಮನೆಯ ಮೌಲ್ಯದ ಶೇ 90ನ್ನು, 30ರಿಂದ 75 ಲಕ್ಷದವರೆಗಿನದು ಶೇ 80ನ್ನು ಮೀರುವಂತಿಲ್ಲ. ಬ್ಯಾಂಕು ನೋಡುವುದು ಕರಾರಿನ ಬೆಲೆ ಮತ್ತು ತನ್ನ ಮೌಲ್ಯಮಾಪಕರು ಹೇಳಿದ ಬೆಲೆಗಳಲ್ಲಿ ಕಡಿಮೆಯಾದದ್ದನ್ನು. ನೋಂದಣಿ ವೆಚ್ಚ ಬಹುತೇಕ ನಿಮ್ಮದೇ.

ಸರ್ಕಾರದ ನೆರವು ಈ ಲೆಕ್ಕವನ್ನೇ ಬದಲಿಸುತ್ತದೆ. 2024ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) 2.0ರಲ್ಲಿ, ವಾರ್ಷಿಕ ಆದಾಯ 9 ಲಕ್ಷದೊಳಗಿದ್ದು ದೇಶದ ಯಾವ ಮೂಲೆಯಲ್ಲೂ ಪಕ್ಕಾ ಮನೆಯಿಲ್ಲದ ಕುಟುಂಬಕ್ಕೆ, ಸಾಲದ ಮೊದಲ 8 ಲಕ್ಷಕ್ಕೆ ಶೇ 4ರ ಬಡ್ಡಿ ಸಹಾಯಧನ ದೊರೆಯುತ್ತದೆ, ಗರಿಷ್ಠ 1.80 ಲಕ್ಷ ರೂಪಾಯಿ ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಜಮೆಯಾಗುತ್ತದೆ. ಆದರೆ ಮನೆಯ ಬೆಲೆ 35 ಲಕ್ಷವನ್ನೂ ಸಾಲ 25 ಲಕ್ಷವನ್ನೂ ದಾಟಬಾರದು. 32 ಲಕ್ಷದ ಸ್ವತಂತ್ರ ಮನೆಯೊಂದನ್ನು ತೆಗೆದುಕೊಳ್ಳಿ: ಬ್ಯಾಂಕಿನ ನಿಯಮದಂತೆ 28.80 ಲಕ್ಷ ಸಿಗಬಹುದಾದರೂ, ಸಹಾಯಧನ ಬೇಕೆಂದರೆ 25 ಲಕ್ಷಕ್ಕೆ ನಿಲ್ಲಿಸಬೇಕು. ಉಳಿದ 7 ಲಕ್ಷದ ಜೊತೆಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ಸು, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೇರಿದ ನೋಂದಣಿ ಶುಲ್ಕ ಸೇರಿ ಸುಮಾರು 2.40 ಲಕ್ಷ, ಒಟ್ಟು 9.40 ಲಕ್ಷ ಕೈಯಲ್ಲಿರಬೇಕು. ಸಹಾಯಧನ ವರ್ಷವರ್ಷ ಬರುವ ಹಣ. ಈ ಕೊರತೆಯನ್ನು ಅದು ತುಂಬದು. ಕಡಿಮೆ ಆದಾಯದ ಕೊಳ್ಳುಗರು ಎಡವುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಕಂತಿನ ಮಾತು ಬೇರೆ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಚರ ಬಡ್ಡಿ (ಏರಿಳಿಯುವ ಬಡ್ಡಿ) ಗೃಹಸಾಲಗಳು ರೆಪೊದಂಥ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರದಂಥ, ಬಾಹ್ಯ ದರಕ್ಕೆ ಜೋಡಣೆಯಾಗಿವೆ. 2025ರ ಫೆಬ್ರವರಿಯಿಂದ ಜೂನ್‌ವರೆಗೆ ರೆಪೊ ಶೇ 6.5ರಿಂದ 5.5ಕ್ಕೆ ಇಳಿಯಿತು. 20 ವರ್ಷದ 25 ಲಕ್ಷ ಸಾಲಕ್ಕೆ ಬಡ್ಡಿ ಶೇ 9ರಿಂದ 8ಕ್ಕೆ ಬಂದರೆ ತಿಂಗಳ ಕಂತು ಸುಮಾರು 22,500ರಿಂದ 20,900 ರೂಪಾಯಿಗೆ ಇಳಿಯುತ್ತದೆ. ದರ ಏರಿದಾಗ ಇದೇ ಲೆಕ್ಕ ತಿರುಗುತ್ತದೆ. ಹಾಗಾಗಿ ಹೆಚ್ಚಿನ ಕಂತನ್ನೂ ತಾಳುವಷ್ಟೇ ಸಾಲ ಮಾಡಿ.

ಇಷ್ಟಾದ ಮೇಲೆ ಕರಾರು ಪತ್ರ. ಸಾಲ ಮಂಜೂರಾಗದಿದ್ದರೆ ಮುಂಗಡವನ್ನು ಇಂತಿಷ್ಟು ದಿನದೊಳಗೆ ಹಿಂದಿರುಗಿಸಬೇಕೆಂಬ ಷರತ್ತನ್ನು ಅದರಲ್ಲಿ ಬರೆಸಿ, ಹಣವನ್ನು ಬ್ಯಾಂಕ್ ಖಾತೆಯ ಮೂಲಕವೇ ಪಾವತಿಸಿ.