ಪಿಸ್ಟನ್ನಿಗೆ ಜಿರ್ಕೋನಿಯಾ ಲೇಪನ: ನನ್ನ ಅನುಭವ

ಒಂದೇ ಸಿಲಿಂಡರಿನ ಡೀಸೆಲ್ ಪರೀಕ್ಷಾ ಎಂಜಿನ್ನಿನ ಪಿಸ್ಟನ್ ತಲೆಗೆ ಶಾಖನಿರೋಧಕ ಲೇಪನ ಹಾಕುವ ಕೆಲಸ ಕೈಗೆತ್ತಿಕೊಂಡಾಗ ನನ್ನನ್ನು ಹೆಚ್ಚು ಕಾಡಿದ್ದು, ಲೇಪನ ಶಾಖವನ್ನು ಎಷ್ಟು ತಡೆಯುತ್ತದೆ ಎಂಬುದಕ್ಕಿಂತ ಅದು ಅಲ್ಯೂಮಿನಿಯಂ ಮೇಲೆ ಉಳಿಯುತ್ತದೆಯೇ ಎಂಬ ಪ್ರಶ್ನೆ. ಲೇಪನಕ್ಕೆ ಬಳಸುವ, ಇಟ್ರಿಯಾ (ಇಟ್ರಿಯಂ ಆಕ್ಸೈಡ್) ಬೆರೆತ ಜಿರ್ಕೋನಿಯಾ ಎಂಬ ಸೆರಾಮಿಕ್ ಬಿಸಿಗೆ ಹಿಗ್ಗುವ ಪ್ರಮಾಣ ಪಿಸ್ಟನ್ ಮಿಶ್ರಲೋಹದ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ. ಎಂಜಿನ್ ಕಾದು ತಣಿದಾಗಲೆಲ್ಲ ಆ ವ್ಯತ್ಯಾಸದ ಒತ್ತಡ ಎರಡೂ ಕೂಡುವ ಗಡಿಯ ಮೇಲೆ ಬೀಳುತ್ತದೆ. ಇದನ್ನು ತಾಳಿಕೊಳ್ಳಲೆಂದು ಮೊದಲು ನಿಕಲ್, ಕ್ರೋಮಿಯಂ, ಅಲ್ಯೂಮಿನಿಯಂ ಮತ್ತು ಇಟ್ರಿಯಂ ಇರುವ 100 ಮೈಕ್ರಾನ್ ಬಂಧಕ ಪದರವನ್ನೂ ಅದರ ಮೇಲೆ 300 ಮೈಕ್ರಾನ್ ಜಿರ್ಕೋನಿಯಾವನ್ನೂ ಪ್ಲಾಸ್ಮಾ ಸ್ಪ್ರೇ ವಿಧಾನದಿಂದ, ಅಂದರೆ ಪುಡಿಯನ್ನು ಅತಿ ಬಿಸಿಯಾದ ಅನಿಲದ ಜ್ವಾಲೆಯಲ್ಲಿ ಕರಗಿಸಿ ಗನ್ನಿನಿಂದ ಚಿಮ್ಮಿಸಿ, ಹಾಕಿದೆ. ಸಂಪೀಡನ ಅನುಪಾತ (ಸಿಲಿಂಡರಿನಲ್ಲಿ ಗಾಳಿ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಎಂಬ ಅಳತೆ) ಬದಲಾಗದಂತೆ ಅಷ್ಟೇ ದಪ್ಪದ ಲೋಹವನ್ನು, ಅಂದರೆ 0.4 ಮಿಲಿಮೀಟರ್, ಮೊದಲೇ ಕೆತ್ತಿಸಿದ್ದೆ.

ಲೇಪನ ಮೊದಲು ಕಿತ್ತು ಏಳುವುದು ಬೌಲಿನ, ಅಂದರೆ ಪಿಸ್ಟನ್ ತಲೆಯಲ್ಲಿರುವ ಬಟ್ಟಲಿನಂಥ ಕುಳಿಯ, ಅಂಚಿನಲ್ಲಿ. ಚೂಪಾದ ಅಂಚಿನಲ್ಲಿ ಒತ್ತಡ ಒಟ್ಟುಗೂಡುತ್ತದೆ. ಇತ್ತ ಬೌಲಿನ ಒಳಗೋಡೆಗೆ ಗನ್ ಓರೆಯಾಗಿ ನಿಂತರೆ ಕರಗಿದ ಪುಡಿ ಸರಿಯಾಗಿ ಅಂಟದೆ ಪದರ ಸಡಿಲವಾಗುತ್ತದೆ. ಆದಕಾರಣ ಅಂಚನ್ನು ದುಂಡಗೆ ಮಾಡಿಸಿ, ಗನ್ ಆದಷ್ಟು ಮೇಲ್ಮೈಗೆ ಲಂಬವಾಗಿಯೇ ಇರುವಂತೆ ಪಿಸ್ಟನ್ನನ್ನು ವಾಲಿಸಿ ತಿರುಗಿಸಿದೆ. ಅಲ್ಯೂಮಿನಾ ಗ್ರಿಟ್ ಹೊಡೆದು ಒರಟಾಗಿಸಿದ ಮೇಲ್ಮೈಯನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆರಳಿನ ಜಿಡ್ಡೂ ಹಿಡಿತವನ್ನು ಕೆಡಿಸುತ್ತದೆ. ಪಿಸ್ಟನ್ ರಿಂಗುಗಳು ಕೂರುವ ಗ್ರೂವುಗಳನ್ನು ತಗಡಿನ ಕವಚದಿಂದ ಮುಚ್ಚಿ, ಮಿಶ್ರಲೋಹ ತನ್ನ ಗಡಸುತನ ಕಳೆದುಕೊಳ್ಳದಂತೆ ಹಿಂಬದಿಗೆ ಗಾಳಿ ಹಾಯಿಸುತ್ತಾ, ಬಿಡುವು ಕೊಟ್ಟು ಕೊಟ್ಟು ತೆಳು ಪದರಗಳಾಗಿ ಸ್ಪ್ರೇ ಮಾಡಿದೆ.

ಎಂಜಿನ್ ಓಡಿಸಿದಾಗ ಹೊಗೆಕೊಳವೆಯ ಉಷ್ಣಾಂಶ ಏರಿತು, ಇಂಧನ ಹೊತ್ತಿಕೊಳ್ಳುವ ವಿಳಂಬ ಕಡಿಮೆಯಾಗಿ ಶಬ್ದ ಮೃದುವಾಯಿತು. ಆದರೆ ಸದಾ ಬಿಸಿಯಾಗಿರುವ ಗೋಡೆ ಒಳಬರುವ ಗಾಳಿಯನ್ನೂ ಕಾಯಿಸುತ್ತದೆ. ಗಾಳಿ ಹಿಗ್ಗಿ ಸಿಲಿಂಡರಿಗೆ ಸೇರುವ ಪ್ರಮಾಣ ಇಳಿಯುತ್ತದೆ, ನೈಟ್ರೋಜನ್ ಆಕ್ಸೈಡ್‌ಗಳು ಹೆಚ್ಚುವ ಅಪಾಯವೂ ಇದೆ. ದಪ್ಪ ಲೇಪನದ ನಿಜವಾದ ತೊಡಕು ಇದೇ ಎಂದು ನನ್ನ ಅಭಿಪ್ರಾಯ. ಟೊಯೋಟಾ 2015ರಲ್ಲಿ ತನ್ನ 2.8 ಲೀಟರ್ ಡೀಸೆಲ್ ಎಂಜಿನ್ನಿನ ಪಿಸ್ಟನ್ ಮೇಲೆ ಸಿಲಿಕಾದಿಂದ ಬಲಪಡಿಸಿದ, ಸೂಕ್ಷ್ಮರಂಧ್ರಗಳಿರುವ ತೆಳುವಾದ ಆನೋಡೈಸ್ಡ್ ಪದರವನ್ನು (ವಿದ್ಯುತ್ತಿನ ನೆರವಿನಿಂದ ಅಲ್ಯೂಮಿನಿಯಂ ಮೇಲೆಯೇ ಬೆಳೆಸಿದ ಆಕ್ಸೈಡ್ ಪದರ) ಬಳಸಿದ್ದು ಬೇರೆ ದಾರಿ: ಶಾಖವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅಂಥ ಪದರಕ್ಕೆ ಕಡಿಮೆಯಿರುವುದರಿಂದ ದಹನದ ವೇಳೆ ಅದರ ಮೇಲ್ಮೈ ಅನಿಲದೊಂದಿಗೇ ಕಾಯುತ್ತದೆ, ಗಾಳಿ ಒಳಬರುವ ಹೊತ್ತಿಗೆ ತಣಿಯುತ್ತದೆ. ಪ್ಲಾಸ್ಮಾ ಲೇಪನದಲ್ಲಿ ಅಷ್ಟು ಸಾಧ್ಯವಿಲ್ಲದಿದ್ದರೂ, ಈಗ ನಾನು ಜಿರ್ಕೋನಿಯಾ ಪದರವನ್ನು ತೆಳುವಾಗಿಸಿ, ಲೇಪನದ ಸೂಕ್ಷ್ಮರಂಧ್ರಗಳಲ್ಲಿ ಇಂಧನ ಇಂಗದಂತೆ ಮೇಲ್ಮೈಯನ್ನು ಉಜ್ಜಿ ನಯಗೊಳಿಸಿಯೇ ಪಿಸ್ಟನ್ನನ್ನು ಜೋಡಿಸುತ್ತೇನೆ.