ಸ್ಲೋಪ್ ತಪ್ಪಾಗುತ್ತಿದ್ದದ್ದು ಚೌಕ ಎಣಿಸಿದ್ದರಿಂದ

ಗ್ರಾಫ್‌ನಲ್ಲಿ ಸ್ಲೋಪ್ (ಗೆರೆ ಎಷ್ಟು ಬೇಗ ಏರುತ್ತದೆ ಅನ್ನೋ ಲೆಕ್ಕ) ತೆಗೆಯುವಾಗ ಮಗಳ ಉತ್ತರ ಪದೇ ಪದೇ ತಪ್ಪಾಗುತ್ತಿತ್ತು. ಸೂತ್ರ ಬಾಯಿಪಾಠ ಇತ್ತು, ಆದರೂ ತಪ್ಪು. ಕೊನೆಗೆ ಇಬ್ಬರೂ ಅಳತೆ ಕೋಲು ಹಿಡಿದು ನೀರಿನ ಟ್ಯಾಂಕ್ ಹತ್ತಿರ ಹೋದೆವು.

ಮೋಟಾರ್ ಹಾಕಿ 5 ನಿಮಿಷಕ್ಕೊಮ್ಮೆ ಅಳೆದೆವು: 10, 25, 40 ಸೆಂ.ಮೀ. ನಮ್ಮ ಚರಗಳು, ಅಂದರೆ ಬದಲಾಗುವ ಅಳತೆಗಳು, ಎರಡೇ. ಸಮಯ ಅಡ್ಡಕ್ಕೆ, ನೀರಿನ ಎತ್ತರ ಮೇಲಕ್ಕೆ. ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು ಅವಳು ಮೇಲಕ್ಕೆ 3 ಚೌಕ, ಪಕ್ಕಕ್ಕೆ 2 ಚೌಕ ಎಣಿಸಿ 1.5 ಅಂದಳು. ತಪ್ಪು ಅಲ್ಲೇ ಸಿಕ್ಕಿತು ನೋಡಿ! ಒಂದು ಚೌಕ ಅಂದ್ರೆ ಮೇಲಕ್ಕೆ 10 ಸೆಂ.ಮೀ., ಪಕ್ಕಕ್ಕೆ 5 ನಿಮಿಷ. 30 ಸೆಂ.ಮೀ. ಏರಲು 10 ನಿಮಿಷ, ಅಂದರೆ ನಿಮಿಷಕ್ಕೆ 3 ಸೆಂ.ಮೀ.

ಅಷ್ಟರಲ್ಲಿ ಕೆಳಗೆ ಯಾರೋ ನಲ್ಲಿ ತಿರುಗಿಸಿದರು. ಮುಂದಿನ 5 ನಿಮಿಷದಲ್ಲಿ ಏರಿದ್ದು ಬರೀ 5 ಸೆಂ.ಮೀ. ಗ್ರಾಫ್‌ನ ಗೆರೆ ಸ್ವಲ್ಪ ಮಲಗಿತು. "ಈಗ ನಿಮಿಷಕ್ಕೆ 1 ಸೆಂ.ಮೀ. ಅಷ್ಟೇ, ಅಲ್ವಾ?" ಎಂದು ಅವಳೇ ಹೇಳಿದಳು.